ಚಂದ್ರನಿಗೆ ಹೆಚ್ಚಾದ ಸರಪಳಿ

ಬಾಳೇಶನಿಗೆ ಸುಮ್ಮನೆ ಕೂರಲು ಬಾರದು. ಬನಹಟ್ಟಿಯ ಓಣಿಯಲ್ಲಿ ಬೈಕ್ ಮೇಲೆ ಹೊರಟನೆಂದರೆ ಕಣ್ಣು ರಸ್ತೆಯ ಮೇಲಿದ್ದರೂ ಕಿವಿ ಎರಡೂ ಬದಿಯ ಗೋಡೆಗಳ ಒಳಗಿರುತ್ತದೆ. ನೂರಾರು ವಿದ್ಯುತ್ ಮಗ್ಗಗಳು ಒಟ್ಟಿಗೆ ಕುಟ್ಟುವಾಗ ಬೇರೆಯವರಿಗೆ ಬರೀ ಗದ್ದಲ ಕೇಳುತ್ತದೆ. ಅವನಿಗೆ ಇಗೋ ಈ ಮನೆಯ ಮೂರನೆಯ ಮಗ್ಗದ ಲಾಳಿ ಕೂದಲೆಳೆಯಷ್ಟು ತಡವಾಗಿ ಬಡಿಯುತ್ತಿದೆ ಎಂದು ಕೇಳುತ್ತದೆ. ಬೈಕ್ ನಿಲ್ಲಿಸಿ, ಕರೆಯದಿದ್ದರೂ ಒಳಗೆ ಹೋಗಿ, ಒಂದು ನಟ್ಟು ಬಿಗಿದು, ಗುಟುಕು ನೀರು ಕುಡಿದು ಹೊರಬೀಳುತ್ತಾನೆ. ಯಜಮಾನ ತಲೆ ಎತ್ತುವಷ್ಟರಲ್ಲಿ ಆಸಾಮಿ ಮುಂದಿನ ಓಣಿಯಲ್ಲಿರುತ್ತಾನೆ.

ವಯಸ್ಸು ನಲವತ್ತಾರು. ಕಲಿತದ್ದು ಏಳನೆಯ ಇಯತ್ತೆಯವರೆಗೆ. ಅಪ್ಪ ಪರಸಪ್ಪ ಕೈಮಗ್ಗದ ಕುಣಿ ಮುಚ್ಚಿ ಎರಡು ವಿದ್ಯುತ್ ಮಗ್ಗ ಹೂಡಿದ ವರ್ಷವೇ ಹುಡುಗ ಶಾಲೆ ಬಿಟ್ಟು ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿದ. ಬಿಚ್ಚಿ ಕಲಿತ, ಜೋಡಿಸಿ ಕಲಿತ, ಎಡಗೈಯ ಕಿರುಬೆರಳು ಕಳೆದುಕೊಂಡು ಕಲಿತ. ಆ ಬೆರಳು ಹೋದದ್ದು ಇನ್ನೊಬ್ಬರ ಮಗ್ಗದಲ್ಲಿ. ಹಲ್ಲುಗಾಲಿಯ ಮೇಲಿನ ಮುಚ್ಚಳ ಮುರಿದಿತ್ತು. "ಆಮ್ಯಾಲೆ ಹಾಕೋಣ, ಈಗ ಮಾಲ ಇಳೀಲಿ" ಎಂದಿದ್ದ ಮಾಲೀಕ. ಮುಚ್ಚಳ ಇವತ್ತಿಗೂ ಹಾಕಿಲ್ಲ. ಅದು ಗೊತ್ತಿದ್ದೂ ಬಾಳೇಶ ಆ ಮನೆಗೆ ಈಗಲೂ ಹೋಗುತ್ತಾನೆ, ಏಕೆಂದರೆ ಅಲ್ಲಿ ಮಗ್ಗ ನಡೆಸುವವರ ಬೆರಳುಗಳು ಇನ್ನೂ ಇವೆ. ಮಗ್ಗ ನಿಂತಾಗ ಎಲ್ಲರಿಗೂ ಅವನು "ಬಾಳೇಶಣ್ಣಾ". ಮಗ್ಗ ನಡೆದಾಗ ಅದೇ ಬಾಯಿಗೆ ಅವನು "ಯಾರಂವ?"

ಇಂಥವನನ್ನು ಒಂದು ದಿನ ಹೈಸ್ಕೂಲಿಗೆ ಕರೆದರು. ಜಮಖಂಡಿ ರಸ್ತೆಗೆ ಆತುಕೊಂಡ ಶಾಲೆ. ಹೆಸರು ಬೇಡ, ಇಂಥ ಶಾಲೆಗಳು ಬೀಳಗಿಯಲ್ಲೂ ಇವೆ, ಮುಧೋಳದಲ್ಲೂ ಇವೆ. ಅಂಗಳದಲ್ಲಿ ವಿಜ್ಞಾನ ಉದ್ಯಾನ ಆಗಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿತ್ತು. ಅದರ ಉಸ್ತುವಾರಿ ವೇದವ್ಯಾಸರಾಯರದು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾಗಿ ಜಮಖಂಡಿಯಲ್ಲಿ ನೆಲೆ ನಿಂತವರು. ಮನೆಯಲ್ಲಿ ಮರಾಠಿ, ಸಭೆಯಲ್ಲಿ ಪುಸ್ತಕದ ಕನ್ನಡ, ಸಿಟ್ಟು ಬಂದಾಗ ಊರ ಕನ್ನಡ. ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ನಾಡಿನಲ್ಲಿ ಬಹಳಷ್ಟು ತಪ್ಪುಗಳನ್ನು ಕೆಟ್ಟವರು ಮಾಡುವುದೇ ಇಲ್ಲ.

"ಸೂರ್ಯಾ ಗೀರ್ಯಾ ಬ್ಯಾಡ ಬಾಳೇಶ, ಭೂಮಿ ಚಂದ್ರ ಸಾಕು" ಎಂದರು ರಾಯರು. "ನಡುವ ಕಟ್ಟಿ ಕಟ್ಟೋಣ. ಅದು ಭೂಮಿ. ಹುಡುಗೂರು ಅದರ ಮ್ಯಾಲೆ ನಿಂತು ನೋಡಬೇಕು. ಕಟ್ಟಿ ನಡುವಿನ ಕಂಬಕ್ಕ ಒಂದು ಉದ್ದನ ಕಬ್ಬಣದ ತೋಳು, ಅದರ ತುದಿಗೆ ಚಂದ್ರ. ಮೋಟರ್ ಹಚ್ಚಿದ್ರ ಸುತ್ತ ಹೊಡೀಬೇಕು. ಬರತೈತೇನು?"

"ಹೆಂಗ ತಿರಗಬೇಕಂತ ಹೇಳ್ರಿ. ತಿರಗಸೂದು ನನಗ ಬಿಡ್ರಿ."

ರಾಯರು ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: ಚಂದ್ರನು ಭೂಮಿಯನ್ನು ಒಂದು ಸುತ್ತು ಹಾಕುವಷ್ಟರಲ್ಲಿ ತನ್ನ ಸುತ್ತಲೂ ಒಂದು ಸುತ್ತು ತಿರುಗುತ್ತಾನೆ. ವಾಕ್ಯ ಸರಿಯಾಗಿತ್ತು. ಒಂದಕ್ಷರ ತಪ್ಪಿರಲಿಲ್ಲ. ಬಾಳೇಶ ಅದನ್ನು ಅಂಗೈ ಮೇಲೆ ಬರೆದುಕೊಂಡ.

ಮಗ್ಗದ ಮನುಷ್ಯ ಗಾಲಿಯ ಸುತ್ತನ್ನು ಎಣಿಸುವುದು ಗಾಲಿ ಕೂತಿರುವ ಚೌಕಟ್ಟಿನಿಂದ. ಮಗ್ಗದ ಚೌಕಟ್ಟು ನೆಲಕ್ಕೆ ಬೋಲ್ಟ್ ಆಗಿರುತ್ತದೆ, ಅದು ಎಲ್ಲಿಗೂ ಹೋಗುವುದಿಲ್ಲ. ಅದೇ ರೂಢಿಯಲ್ಲಿ ಬಾಳೇಶ ಚಂದ್ರ ಕೂತ ತೋಳನ್ನೇ ಚೌಕಟ್ಟು ಎಂದುಕೊಂಡ. ತೋಳಿನ ಮೇಲೆ ಚಂದ್ರ ಒಂದು ಸುತ್ತು ಹೊಡೆಯಬೇಕು, ಅಷ್ಟೇ ತಾನೇ? ಕಂಬಕ್ಕೆ ಅಲ್ಲಾಡದ ಒಂದು ಹಲ್ಲುಗಾಲಿ, ಚಂದ್ರನ ಅಚ್ಚಿಗೆ ಅದೇ ಅಳತೆಯ ಇನ್ನೊಂದು, ಎರಡಕ್ಕೂ ಸೇರಿಸಿ ಹನ್ನೆರಡು ಅಡಿ ತೋಳಿನುದ್ದಕ್ಕೂ ಒಂದು ಸರಪಳಿ. ಮಹಾಲಿಂಗಪುರದ ಗುಜರಿಯಲ್ಲಿ ಹಳೆಯ ಗಾಲಿ ಹುಡುಕಿದ, ಒಂದೊಂದು ಹಲ್ಲನ್ನೂ ಅರದಿಂದ ತಿಕ್ಕಿದ. ಎರಡು ಅಡಿ ಅಗಲದ ಫೈಬರ್ ಚೆಂಡಿನ ಮೇಲೆ ಒಂದು ಬದಿಗೆ ಮೊಲ ಬರೆದ. ಇನ್ನೊಂದು ಬದಿಗೆ ಕಪ್ಪು ಬಳಿ ಎಂದರು ರಾಯರು, ಅದು ಚಂದ್ರನ ಕತ್ತಲ ಬದಿ. ಬಳಿದ.

ಕಟ್ಟೆಯ ಮುಂದೆ ಕಲ್ಲಿನ ಫಲಕ ನಿಂತಿತು. ಅಧ್ಯಕ್ಷರ ಹೆಸರು, ಮಂಡಳಿಯವರ ಹೆಸರುಗಳು, ಕೆಳಗೆ ಸಣ್ಣ ಅಕ್ಷರದಲ್ಲಿ: "ರಚನೆ: ಬಾಳೇಶ ಪರಸಪ್ಪ, ಫಿಟ್ಟರ್, ಬನಹಟ್ಟಿ." ಮೂವತ್ತು ವರ್ಷ ಊರಿನ ಸೀರೆಯೆಲ್ಲ ಅವನ ಕೈ ತಾಗಿದ ಮಗ್ಗದಿಂದಲೇ ಇಳಿದಿದೆ. ಯಾವ ಸೀರೆಯ ಅಂಚಿನ ಮೇಲೂ ಅವನ ಹೆಸರಿಲ್ಲ. ಇದು ಮೊದಲನೆಯದು. ಬೆರಳಿನಿಂದ ಅಕ್ಷರ ಸವರಿ ನೋಡಿದ, ಯಾರಾದರೂ ನೋಡಿದರೇನೋ ಎಂದು ಕೈ ಹಿಂತೆಗೆದ.

ಉದ್ಘಾಟನೆಗೆ ಎಂಟು ದಿನ ಇರುವಾಗ ಮೋಟರ್ ಹಚ್ಚಿದರು. ತೋಳು ಹೊರಟಿತು. ಕಟ್ಟೆಯ ಮೇಲೆ ನಿಂತವರಿಗೆ ಮೊದಲು ಮೊಲ ಕಂಡಿತು, ಆಮೇಲೆ ಮೊಲ ಮೆಲ್ಲಗೆ ಪಕ್ಕಕ್ಕೆ ಸರಿದು ಕಪ್ಪು ಬಂತು, ಮತ್ತೆ ಮೊಲ. ಅಧ್ಯಕ್ಷರು ಚಪ್ಪಾಳೆ ತಟ್ಟಿ ಮೊಬೈಲಿನಲ್ಲಿ ಚಿತ್ರ ಹಿಡಿದರು.

"ನೋಡ್ರಿ, ಹುಣ್ಣಿವಿ ಅಮಾಸಿ ಎರಡೂ ಬಂದ್ವು!" ಎಂದರು ರಾಯರು.

ಹಿಂದೆ ನಿಂತಿದ್ದ ವಿಜ್ಞಾನದ ಟೀಚರ್ ಯಶೋಧರಾ ಏನೋ ಹೇಳಲು ಬಾಯಿ ತೆರೆದಳು. ಗುತ್ತಿಗೆಯ ನೌಕರಿ, ಜೂನ್‌ನಲ್ಲಿ ಮತ್ತೆ ಸಹಿ ಆಗಬೇಕು. ಬಾಯಿ ಮುಚ್ಚಿದಳು.

ಎಲ್ಲರೂ ಹೋದ ಮೇಲೆ ಬಾಳೇಶ ಒಬ್ಬನೇ ಕಟ್ಟೆಯ ಮೇಲೆ ನಿಂತು ತನ್ನ ಚಂದ್ರನನ್ನು ಸುತ್ತಿಸುತ್ತಿದ್ದ. ಮಧ್ಯಾಹ್ನದ ಬುತ್ತಿ ತಂದ ಅಕ್ಕ ಸಾತವ್ವನನ್ನು ಕಾವಲುಗಾರ ಒಳಗೆ ಬಿಟ್ಟಿರಲಿಲ್ಲ. ಅವಳು ಗೇಟಿನ ಹೊರಗೆ ಬೇವಿನ ನೆರಳಿನಲ್ಲಿ ಬುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಐವತ್ತು ದಾಟಿದ ಹೆಂಗಸು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಸುತ್ತಿದ್ದಾಳೆ.

"ಬಾಳ್ಯಾ, ನಿನ್ನ ಚಂದ್ರ ತಿರಗೂದಽ ಇಲ್ಲಲ್ಲೋ!" ಎಂದು ಗೇಟಿನ ಸರಳುಗಳ ನಡುವಿನಿಂದ ಕೂಗಿದಳು.

"ಕಣ್ಣ ಹೋಗ್ಯಾವೇನಬೇ ಅಕ್ಕಾ? ಗಿರಗಿರ ತಿರಗಾಕತ್ತೈತಿ!"

"ಎಲ್ಲಿ ತಿರಗತೈತಿ? ಆಗಿಂದ ನೋಡಾಕತ್ತೇನಿ. ಸುತ್ತ ಹೊಡೀತೈತಿ ಖರೆ. ಆದ್ರ ಮೊಲ ನನ್ನಽ ನೋಡಾಕತ್ತೈತಿ. ಮಾರಿ ತಿರಗಸವಲ್ದು."

"ನೀ ಬಂದು ಇಲ್ಲಿ ನಿಂತು ನೋಡು."

"ನೀ ಬಂದು ಇಲ್ಲಿ ಕುಂತು ನೋಡು. ನನ್ನ ಯಾಂವ ಒಳಗ ಬಿಡತಾನ?"

ಬಾಳೇಶ ಗೇಟಿಗೆ ಹೋದ. ಕಲ್ಲಿನ ಮೇಲೆ ಅಕ್ಕನ ಪಕ್ಕ ಕೂತ. ತೋಳು ದೂರ ಹೋಯಿತು, ಹತ್ತಿರ ಬಂತು, ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಎಲ್ಲಿ ಹೋದರೂ ಮೊಲದ ಮುಖ ಗೇಟಿನ ಕಡೆಗೇ, ಜಮಖಂಡಿ ರಸ್ತೆಯ ಕಡೆಗೇ. ಚಂದ್ರ ತನ್ನ ಸುತ್ತ ಒಂದಿಷ್ಟೂ ತಿರುಗುತ್ತಿರಲಿಲ್ಲ. ಅಕ್ಕ ಕೊಟ್ಟ ರೊಟ್ಟಿ ಕೈಯಲ್ಲೇ ಉಳಿಯಿತು.

"ಇನ್ನೊಂದು ಮಾತು" ಎಂದಳು ಸಾತವ್ವ ಉಳ್ಳಾಗಡ್ಡಿ ಜಜ್ಜುತ್ತ. "ನಾ ಹುಟ್ಟಿದಾಗಿಂದ ಚಂದಪ್ಪನ ನೋಡೇನಿ. ಮೊಲ ಎಂದಾರ ಬೆನ್ನ ತೋರಸೇತೇನು? ನಿಂದ್ಯಾವ ಚಂದ್ರಲೇ, ಅಲ್ಲಿ ನಿಂತವರಿಗೆ ಬೆನ್ನ ತೋರಸಾಂವ?"

ಅವತ್ತಿನಿಂದ ಅವನ ನಿಲ್ಲದ ಕಾಲಿಗೆ ಇನ್ನಷ್ಟು ಬೆಂಕಿ ಬಿತ್ತು. ಚಿಮ್ಮಡಕ್ಕೆ ಹೋಗಬೇಕಾದವನು ರಬಕವಿಗೆ ಹೋದ, ರಬಕವಿಯಲ್ಲಿ ನಟ್ಟು ಬಿಗಿಯುವ ಪಾನಾ ಮರೆತು ಬಂದ. ಅಷ್ಟಮಿಯ ಸುಮಾರು, ಅರ್ಧಚಂದ್ರ ಹಗಲು ನಾಲ್ಕು ಗಂಟೆಗೇ ಪೂರ್ವದಲ್ಲಿ ಬೆಳ್ಳಗೆ ನಿಂತಿರುತ್ತಿದ್ದ. ಬಾಳೇಶ ಯಾರದೋ ಶೆಡ್ಡಿನ ಮಾಳಿಗೆ ಹತ್ತಿ ನೋಡಿದ. ಬೆಳಕಿನ ಅರ್ಧದಲ್ಲಿ ಮೊಲದ ಕಿವಿ ಇತ್ತು, ತಲೆ ಇತ್ತು, ಮೈ ಕತ್ತಲಲ್ಲಿತ್ತು. ಮರುದಿನ ಅದೇ ಹೊತ್ತಿಗೆ ಹತ್ತಿದ. ಹೆಗಲು ಹೊರಬಂದಿತ್ತು. ಮೂರನೆಯ ದಿನ ಬೆನ್ನು. ಕಿವಿ ಮಾತ್ರ ತಾನಿದ್ದ ಜಾಗ ಬಿಟ್ಟು ಅಲುಗಿರಲಿಲ್ಲ. ಹಾಗಾದರೆ ಅಮಾವಾಸ್ಯೆ ಹುಣ್ಣಿಮೆ ಮೊಲ ತಿರುಗುವುದರಿಂದ ಆಗುವುದಲ್ಲ. ಮೊಲ ಅಲ್ಲೇ ಇರುತ್ತದೆ, ಬಿಸಿಲು ಅದರ ಮೇಲೆ ಹಾಯುತ್ತದೆ, ಸರಿಯುತ್ತದೆ. ಅವನು ಕಟ್ಟಿದ್ದು ಎರಡೆರಡು ಸುಳ್ಳು.

"ಪುಸ್ತಕದಾಗ ತಿರಗತಾನ ಅಂತ ಐತಿ. ಮ್ಯಾಲೆ ನೋಡಿದ್ರ ಮಾರಿ ತಿರಗಸೂದಿಲ್ಲ. ಎರಡೂ ಖರೆ ಹೆಂಗ ಆಕ್ಕಾವ ಅಕ್ಕಾ?" ಎಂದು ಸಂಜೆ ಮನೆಯ ಪಡಸಾಲೆಯಲ್ಲಿ ಕೇಳಿದ.

ಸಾತವ್ವನ ರಾಟೆ ನಿಂತಿತು. "ನೂಲಿನ ಕೋನ್ ನಿಂದರಿಸಿ ಅದರ ತುದಿಯಿಂದ ನೂಲ ಎಳದ್ರ ಏನಾಗತೈತಿ?"

"ಸುತ್ತಿಗೊಂದು ಹುರಿ ಬೀಳತೈತಿ."

"ನೂಲು ಸುಳ್ಳ ಹೇಳೂದಿಲ್ಲ. ಅದನ್ನಽ ಕೇಳು." ಎದ್ದು ಒಂದು ಕೆಂಪು, ಒಂದು ಬಿಳಿ ಎಳೆ ಜೋಡಿಸಿ ಜಂತಿಯ ಕೊಂಡಿಗೆ ಕಟ್ಟಿದಳು. ಕೆಳತುದಿಗೆ ಸುಲಿದ ತೆಂಗಿನಕಾಯಿ ಬಿಗಿದಳು. ತೆಂಗಿನಕಾಯಿಗೆ ದೇವರೇ ಕಣ್ಣು ಕೊಟ್ಟಿದ್ದಾನೆ, ಬೇರೆ ಮೊಲ ಬರೆಯಬೇಕಿಲ್ಲ. ಕೊಂಡಿಯ ನೇರ ಕೆಳಗೆ ನೆಲದ ಮೇಲೆ ನೀರಿನ ತಂಬಿಗೆ ಇಟ್ಟಳು. "ತಂಬಿಗಿ ಭೂಮಿ ಅನ್ನು. ಕಾಯಿ ಕಣ್ಣು ತಂಬಿಗಿ ಕಡೇನಽ ಇರಬೇಕು. ಹತ್ತ ಸುತ್ತ ಹೊಡಿ."

ಬಾಳೇಶ ಕಾಯಿ ಹಿಡಿದು ತಂಬಿಗೆಯ ಸುತ್ತ ಹತ್ತು ಸುತ್ತು ಬಂದ. ಕಣ್ಣು ತಂಬಿಗೆ ಬಿಟ್ಟು ಅತ್ತಿತ್ತ ಹೋಗಲಿಲ್ಲ. ಮೇಲೆ ನೋಡಿದ. ಕೆಂಪು ಬಿಳಿ ಎಳೆಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದವು. ಇಬ್ಬರೂ ಎಣಿಸಿದರು. ಹತ್ತು ಹುರಿ. ಕಾಯಿ ತಂಬಿಗೆಗೆ ಮುಖ ತಪ್ಪಿಸದಿದ್ದರೂ ತನ್ನ ಸುತ್ತ ಹತ್ತು ಸಲ ತಿರುಗಿತ್ತು.

"ಈಗ ಬಿಚ್ಚಿ, ಕಣ್ಣು ಬಾಗಲ ಕಡೇನಽ ಇಟ್ಟು ಸುತ್ತ ಹೊಡಿ. ನಿನ್ನ ಸಾಲಿ ಚಂದ್ರನ ಗತೆ."

ಹತ್ತು ಸುತ್ತು. ಎಳೆಗಳು ಅಕ್ಕಪಕ್ಕ ನೆಟ್ಟಗೆ ಇಳಿದಿದ್ದವು. ಒಂದು ಹುರಿಯೂ ಇಲ್ಲ.

ಬಾಳೇಶ ನೆಟ್ಟಗಿನ ಎಳೆಗಳ ಮೇಲೆ ಬೆರಳು ಆಡಿಸಿದ. ತೋಳು ತಾನೇ ಚಂದ್ರನನ್ನು ಒಂದು ಸುತ್ತು ತಿರುಗಿಸಿ ತರುತ್ತದೆ. ಅದರ ಮೇಲೆ ತಾನು ಹಾಕಿದ ಸರಪಳಿ ಆ ಸುತ್ತನ್ನು ಹಿಂದಕ್ಕೆ ಬಿಚ್ಚಿಬಿಡುತ್ತಿದೆ. ತಿರುಗಲಿ ಎಂದು ಹಾಕಿದ್ದೇ ತಿರುಗದಂತೆ ಹಿಡಿದಿದೆ.

"ಚೌಕಟ್ಟಽ ತಿರಗತೈತಿ ಅಂತ ನನ್ನ ತಲಿಗೆ ಹೊಳೀಲಿಲ್ಲಬೇ" ಎಂದ. ಸಾತವ್ವ ಕಾಯಿ ಬಿಚ್ಚಿ ಒಡೆದು ಚಟ್ನಿಗೆ ಇಟ್ಟಳು.

ಮರುದಿನ ಶಾಲೆಯ ನೀರಿನ ತೊಟ್ಟಿಯ ಹತ್ತಿರ ಯಶೋಧರಾ ಟೀಚರನ್ನು ತಡೆದು ನಿಲ್ಲಿಸಿದ. "ಟೀಚರ್, ಸರಪಳಿ ತಪ್ಪೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಅವಳು ನೆಲ ನೋಡಿದಳು. "ಮೊದಲನೇ ದಿನಾನಽ ಗೊತ್ತಾತ್ರಿ."

ಅವನು ಬೈಯಲಿಲ್ಲ. ಬೈಯುವ ಹಕ್ಕು ಇದ್ದವನು ಅವನೊಬ್ಬನೇ. ಈ ಜಿಲ್ಲೆಯಲ್ಲಿ ಗೊತ್ತಿಲ್ಲದವರಿಂದ ಆದ ಹಾನಿಗಿಂತ ಗೊತ್ತಿದ್ದು ಜೂನ್ ತಿಂಗಳಿಗೆ ಹೆದರಿದವರಿಂದ ಆದ ಹಾನಿ ದೊಡ್ಡದು. ಆ ಹೆದರಿಕೆಯನ್ನು ವರ್ಷವರ್ಷ ನವೀಕರಿಸುವವರ ಪಾಲು ಅದಕ್ಕಿಂತ ದೊಡ್ಡದು. ಬಾಳೇಶನಿಗೆ ಬೇರೆಯೇ ತಳಮಳ. "ಯಾಕ ಹಿಂಗ ಆತಂತ ಹೇಳ್ರಿ. ಚಂದ್ರ ಒಂದಽ ಮಾರಿ ಯಾಕ ತೋರಸತಾನ? ಯಾರ ಕಟ್ಟಿ ಹಾಕ್ಯಾರ ಅವನ್ನ?"

ಹೇಳುವ ಅವಕಾಶ ಸಿಕ್ಕಿದ್ದೇ ಯಶೋಧರಾಳ ದನಿ ತೆರೆಯಿತು. "ಭೂಮಿ ಎಳೀತೈತಲ್ರಿ, ಹತ್ರದ ಮಗ್ಗಲಾ ಜಾಸ್ತಿ ಎಳೀತೈತಿ, ಆಚಿ ಮಗ್ಗಲಾ ಕಡಿಮಿ. ಹಿಂಗಾಗಿ ಚಂದ್ರ ಒಂದಿಷ್ಟು ಉದ್ದಕ ಜಗ್ಗಿಕೊಂಡು ಉಬ್ಬ್ಯಾನ. ಮೊದಲ ಅಂವ ಜೋರ ತಿರಗತಿದ್ದ. ತಿರಗಿದಂಗ ಆ ಉಬ್ಬು ಮುಂದ ಸರಿಯೂದು, ಭೂಮಿ ಅದನ್ನ ಹಿಂದಕ್ಕ ಜಗ್ಗೂದು. ಕಲ್ಲಿಗೆ ಕಲ್ಲು ಒಳಗಽ ತಿಕ್ಕಿ ಬಿಸಿ ಆಗೂದು. ಹಿಂಗ ಕೋಟಿಗಟ್ಟಲೆ ವರ್ಷ."

"ಬ್ರೇಕು" ಎಂದ ಬಾಳೇಶ. "ಮಗ್ಗದ ಹಾಸಿನ ರೋಲು ಜೋರ ಬಿಚ್ಚಬಾರದಂತ ಹಗ್ಗ ಸುತ್ತಿ ಕಲ್ಲು ಇಳಿಬಿಡತೇವಲ್ಲ, ಹಂಗ."

"ಹಂಗಽ. ಕಡೀಕ ತಿರಗೂದು ಸುತ್ತ ಹೊಡಿಯೂದಕ್ಕ ಹೊಂದಿಬಿಡ್ತು. ಅಲ್ಲಿಗೆ ಜಗ್ಗಾಟ ಮುಗೀತು."

"ಭೂಮಿಗೆ ಏನೂ ಆಗಲಿಲ್ಲೇನ್ರಿ? ಎಳದಾವಗ ಕೈ ನೋಯೂದಿಲ್ಲ?"

"ಆಗಾಕತ್ತೈತಿ. ಚಂದ್ರನೂ ನಮಗ ಬ್ರೇಕ್ ಹಾಕಾಕತ್ತಾನ, ಸಮುದ್ರದ ನೀರ ಜಗ್ಗಿ ಜಗ್ಗಿ. ನಮ್ಮ ದಿನ ಉದ್ದ ಆಗಾಕತ್ತೈತಿ. ತಿಳೀಲಾರದಷ್ಟು ಸಣ್ಣಗ."

"ಮಾಲಕರ ಮುಂದ ಹೇಳಬ್ಯಾಡ್ರಿ. ಇನ್ನೊಂದು ಪಾಳಿ ಹಚ್ಚತಾರ."

ಯಶೋಧರಾ ನಕ್ಕಳು. ನಕ್ಕ ಮೇಲೆ ಇನ್ನಷ್ಟು ಹೇಳಿದಳು. ಮೊಲದ ಮೇಲೆ ನಿಂತು ನೋಡಿದರೆ ಭೂಮಿ ಆಕಾಶದಲ್ಲಿ ಒಂದೇ ಕಡೆ ಮೊಳೆಗೆ ತೂಗು ಹಾಕಿದಂತೆ ಇರುತ್ತದೆ, ಹುಟ್ಟುವುದಿಲ್ಲ, ಮುಳುಗುವುದಿಲ್ಲ. ಚಂದ್ರನ ಹಿಂದೆ ನಿಂತವನಿಗೆ ಭೂಮಿ ಎಂಬುದೊಂದಿದೆ ಎಂದೇ ಗೊತ್ತಾಗುವುದಿಲ್ಲ. ಎಲ್ಲೋ ಸಣ್ಣ ಕೆಂಪು ನಕ್ಷತ್ರಗಳಿಗೆ ಹತ್ತಿರದಲ್ಲಿ ಸುತ್ತುವ ಗ್ರಹಗಳಿವೆ, ಅವು ಹೀಗೇ ಸಿಕ್ಕಿಹಾಕಿಕೊಂಡಿದ್ದರೆ ಒಂದು ಮಗ್ಗುಲಲ್ಲಿ ಯಾವಾಗಲೂ ನಡುಹಗಲು, ಇನ್ನೊಂದರಲ್ಲಿ ಯಾವಾಗಲೂ ರಾತ್ರಿ.

"ಚಂದ್ರನ ಹಿಂದೂ ಹಂಗಽ ಏನ್ರಿ? ಯಾವಾಗಲೂ ಕತ್ತಲಿ?"

"ಇಲ್ರಿ. ಅಲ್ಲೂ ಇಲ್ಲಿಯಷ್ಟಽ ಬಿಸಲ ಬೀಳತೈತಿ. ಹದಿನೈದು ದಿವಸ ಹಗಲು, ಹದಿನೈದು ದಿವಸ ರಾತ್ರಿ. ನಮಗ ಕಾಣೂದಿಲ್ಲ, ಅದಕ್ಕ ಕತ್ತಲ ಬದಿ ಅಂತೇವಿ."

ತಮಗೆ ಕಾಣದ ಕಡೆಯನ್ನೆಲ್ಲ ಕತ್ತಲು ಎಂದು ಕರೆಯುವುದು ಮನುಷ್ಯರ ಹಳೆಯ ಚಾಳಿ. ಬಾಳೇಶ ತನ್ನ ಕೈಯ ಕಪ್ಪು ಬಣ್ಣ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು.

ಅದೇ ಸಂಜೆ ಚೀಲದಲ್ಲಿ ಇನ್ನೊಂದು ತೆಂಗಿನಕಾಯಿ, ಎರಡು ಬಣ್ಣದ ನೂಲು ಇಟ್ಟುಕೊಂಡು ಜಮಖಂಡಿಗೆ ರಾಯರ ಮನೆಗೆ ಹೋದ. ಬಾಗಿಲು ತೆರೆದ ಅವರ ಹೆಂಡತಿ ಕಾಶೀಬಾಯಿ ಕಾಯಿ ನೋಡಿ, "ಏನಪಾ, ನಮ್ಮ ಮನ್ಯಾಗ ಕಾಯಿ ಒಡಸಾಕ ಬಂದೀಯೇನು?" ಎಂದರು.

"ಒಡಸಾಕಲ್ರಿ, ತಿರಗಸಾಕ."

ಜೋಕಾಲಿಯ ಪಕ್ಕದ ಕೊಂಡಿಗೆ ನೂಲು ಕಟ್ಟಿ ತೋರಿಸಿದ. ಮೊದಲ ಎರಡು ಸುತ್ತು ರಾಯರು ನಗುತ್ತಿದ್ದರು. ನಾಲ್ಕನೆಯ ಸುತ್ತಿಗೆ ಕನ್ನಡಕ ಏರಿಸಿದರು. ಆರನೆಯದಕ್ಕೆ ತಾವೇ ಎದ್ದು ಕಾಯಿ ಹಿಡಿದರು. ಎಷ್ಟೆಂದರೂ ಇಂಜಿನಿಯರ್. ಹುರಿ ಎಣಿಸಿ, ಬಿಚ್ಚಿ, ಕಣ್ಣು ಬಾಗಿಲ ಕಡೆ ಇಟ್ಟು ಇನ್ನೊಮ್ಮೆ ಸುತ್ತಿ, ಜೋಕಾಲಿಯ ಮೇಲೆ ಕೂತರು.

"ಖರೆ ಐತಿ" ಎಂದರು. "ನನಗ ಹೊಳೀಬೇಕಾಗಿತ್ತು."

"ಹಂಗಾರ ನಾಳೆ ಸರಪಳಿ ತಗದು ಚಂದ್ರನ್ನ ತೋಳಿಗೆ ಬಿಗೀತೇನ್ರಿ."

"ಥಾಂಬ ಥಾಂಬ, ತಡಿ." ರಾಯರು ಕೈ ಎತ್ತಿದರು. "ಅಧ್ಯಕ್ಷರು ಚಿತ್ರ ಊರೆಲ್ಲಾ ಕಳಸ್ಯಾರ. 'ತನ್ನ ಸುತ್ತ ತಿರುಗುವ ಚಂದ್ರ' ಅಂತ ಬ್ಯಾನರ್ ಆಗೇತಿ. ಈಗ ನೀ ಬಿಗದ್ರ, ಕಟ್ಟಿ ಮ್ಯಾಲೆ ನಿಂತವರಿಗೆ ಅಂವ ಅಳ್ಳಾಡಿದ್ದಽ ಕಾಣೂದಿಲ್ಲ. ತಿರಗತಾನ ಅಂತ ಹೆಂಗ ಹೇಳೂದು? ಬಂದವರಿಗೆಲ್ಲಾ ತೆಂಗಿನಕಾಯಿ ಹಂಚೂಣೇನು?"

"ಹಂಚೂಣ್ರಿ."

"ಹುಚ್ಚಪ್ಪ. ಉದ್ಘಾಟನೆ ಆಗಲಿ. ಆಮ್ಯಾಲೆ ತಗಿಯೋಣ."

ಆಮ್ಯಾಲೆ. ಬಾಳೇಶನ ಎಡಗೈ ತಾನಾಗಿ ಮುಷ್ಟಿಯಾಯಿತು. ಇಲ್ಲದ ಬೆರಳು ನೋಯಿತು. ಈ ಪದ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತು. ನಡೆಯುತ್ತಿರುವ ಮಗ್ಗವನ್ನು ಯಾರೂ ನಿಲ್ಲಿಸುವುದಿಲ್ಲ, ಅದು ತಪ್ಪು ನೇಯುತ್ತಿದ್ದರೂ. ಈ ಚಂದ್ರ ಇಪ್ಪತ್ತು ವರ್ಷ ಹೀಗೇ ಸುತ್ತುತ್ತಾನೆ, ಸಾವಿರಾರು ಹುಡುಗರು ಕಟ್ಟೆ ಹತ್ತಿ ಈ ಸುಳ್ಳು ಕಲಿತು ಇಳಿಯುತ್ತಾರೆ, ಕೆಳಗೆ ಕಲ್ಲಿನಲ್ಲಿ ಬಾಳೇಶ ಪರಸಪ್ಪ ಎಂದು ಇರುತ್ತದೆ.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಏಣಿ ಹಾಕಿ ಸರಪಳಿ ಬಿಚ್ಚುತ್ತಿದ್ದಾಗ ರಾಯರ ಕಾರು ಬಂತು. ಕಾವಲುಗಾರ ಫೋನ್ ಮಾಡಿದ್ದ.

"ಇಳಿ ಕೆಳಗ!"

"ಒಂದಽ ಕೀಲ ಉಳದೈತ್ರಿ."

"ಬಾಳೇಶ, ಯಾರನ್ನ ಕೇಳಿ ಕೈ ಹಚ್ಚಿದಿ? ಸಾಲಿ ಸೊತ್ತು ಇದು."

"ಚಂದ್ರ ಸಾಲೀದಲ್ರಿ."

"ನಾಳೆ ನಿಂತ ಚಂದ್ರನ್ನ ನೋಡಿ ಫಿಟ್ಟರ್ ಕೆಡಿಸಿದ ಅಂತಾರ. ನಾನೂ ಹಂಗಽ ಅನಬೇಕಾಗತೈತಿ. ಫಲಕದಾಗ ನಿನ್ನ ಹೆಸರ ಉಳಿಯೂದಿಲ್ಲ. ವಿಚಾರ ಮಾಡು."

ಬಾಳೇಶ ಏಣಿಯ ಮೇಲಿಂದ ಫಲಕ ನೋಡಿದ. ಅಷ್ಟು ಎತ್ತರದಿಂದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಅಧ್ಯಕ್ಷರ ಹೆಸರು ಮಾತ್ರ ಕಾಣುತ್ತಿತ್ತು. "ತಪ್ಪಿನ ಕೆಳಗ ಹೆಸರ ಹಾಕಿಸಿಕೊಂಡು ಏನ ಮಾಡ್ಲಿರಿ? ತಗೀರಿ" ಎಂದು ಕೊನೆಯ ಕೀಲು ಹೊಡೆದ. ಸರಪಳಿ ಝಳಝಳ ಕೆಳಗೆ ಬಿತ್ತು. ಚಂದ್ರನ ಮೊಲ ಕಟ್ಟೆಯ ಕಡೆ ನೋಡುವಂತೆ ತಿರುಗಿಸಿ ಎರಡು ಬೋಲ್ಟ್ ಬಿಗಿದ.

ಮತ್ತೆ ಸರಪಳಿ ಹಾಕುವಂಥ ಇನ್ನೊಬ್ಬ ಫಿಟ್ಟರ್ ಒಂದು ರಾತ್ರಿಯಲ್ಲಿ ಸಿಗುವುದು ಸಾಧ್ಯವಿರಲಿಲ್ಲ. ಇಂಥ ಹೊತ್ತಿನಲ್ಲಿ ಮಾತ್ರ ಊರಿಗೆ ಬಾಳೇಶ ಒಬ್ಬನೇ ಎಂದು ನೆನಪಾಗುತ್ತದೆ.

ಮರುದಿನ ಪೆಂಡಾಲು, ಮೈಕು, ಹಾರ. ಅತಿಥಿ ಗುಂಡಿ ಒತ್ತಿದರು. ಚಂದ್ರ ಕಟ್ಟೆಗೆ ಮುಖ ತಪ್ಪಿಸದೆ ಸುತ್ತು ಹೊರಟ. "ಮೊನ್ನೆ ತಿರಗತಿತ್ತಲ್ಲ?" ಎಂದರು ಅಧ್ಯಕ್ಷರು. ರಾಯರು ಕತ್ತು ಕೆರೆದುಕೊಂಡು, "ಫಿಟ್ಟರ್ ಕೈ ಕೊಟ್ಟ" ಎಂದರು, ಬೇಲಿಯ ಆಚೆ ನಿಂತ ಬಾಳೇಶನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅತಿಥಿ ಮೊಬೈಲ್ ನೋಡುತ್ತಿದ್ದರು. ಒಂಬತ್ತು ನಿಮಿಷದಲ್ಲಿ ಕಾರು ಹೊರಟಿತು. ತಪ್ಪು ಚಂದ್ರನಿದ್ದರೂ ಅವರು ಅಷ್ಟೇ ನೋಡುತ್ತಿದ್ದರು, ಸರಿ ಚಂದ್ರನನ್ನೂ ಅಷ್ಟೇ ನೋಡಿದರು. ಇಂಥವರ ಒಂಬತ್ತು ನಿಮಿಷಕ್ಕಾಗಿ ಒಂದು ಶಾಲೆ ಇಪ್ಪತ್ತು ವರ್ಷದ ಸುಳ್ಳಿಗೆ ಸಿದ್ಧವಾಗಿತ್ತು. ಸಂಜೆಯೊಳಗೆ ಫಲಕದ ಕೊನೆಯ ಸಾಲಿನ ಮೇಲೆ ಬೂದು ಬಣ್ಣ ಬಂತು.

ಎರಡು ದಿನ ಬಾಳೇಶ ಆ ರಸ್ತೆಯಲ್ಲಿ ಹೋಗಲಿಲ್ಲ. ಹಿಪ್ಪರಗಿಗೆ ಹೋಗಲು ಊರು ಬಳಸಿ ಹೋದ. ಮೂರನೆಯ ದಿನ ಯಶೋಧರಾಳ ಫೋನ್ ಬಂತು. "ಬರ್ರಿ ಸ್ವಲ್ಪ. ನನ್ನ ಹುಡುಗೂರ ಪ್ರಶ್ನಿಗೆ ನನ್ನ ಹತ್ರ ಉತ್ತರಿಲ್ಲ."

ಹೋದ. ಒಂಬತ್ತನೆಯ ತರಗತಿಯ ಹುಡುಗಿಯರು ಅಂಗಳದ ಬೇವಿನ ಕೊಂಬೆಗೆ ಕೆಂಪು ಬಿಳಿ ನೂಲು ಕಟ್ಟಿ ತೆಂಗಿನಕಾಯಿ ಸುತ್ತಿಸುತ್ತಿದ್ದರು, ಹುರಿ ಎಣಿಸುತ್ತಿದ್ದರು. ಯಶೋಧರಾ ಅವರ ನಡುವೆ ನಿಂತಿದ್ದಳು, ಆಫೀಸಿನ ಕಿಟಕಿಗೆ ಎದುರಾಗಿ. ಜೂನ್ ಇನ್ನೂ ಬರಬೇಕಿತ್ತು.

"ಚಂದ್ರನ ಹಿಂದ ಯಾಕ ಕರ್ರಗ ಐತಿ ಅಂತ ಕೇಳತಾವ" ಎಂದಳು. "'ಬಿಸಲ ಅಲ್ಲೂ ಬೀಳತೈತಿ' ಅಂತ ನಾನಽ ಕಲಿಸೇನಿ. ಮತ್ತ ಕಪ್ಪ ಯಾಕ ಅಂದ್ರ ಏನ ಹೇಳ್ಲಿ?"

ಅವನು ಬೈಕಿನ ಡಿಕ್ಕಿಯಿಂದ ಬಣ್ಣದ ಡಬ್ಬಿ ತೆಗೆದ. ಯಶೋಧರಾಳ ಮೊಬೈಲಿನಲ್ಲಿ ಚಂದ್ರನ ಹಿಂಬದಿಯ ಚಿತ್ರ ನೋಡಿದ. ಮೊಲ ಇಲ್ಲ, ಕಪ್ಪು ಕಲೆಗಳೂ ಇಲ್ಲವೆನ್ನುವಷ್ಟು ಕಡಿಮೆ, ಬರೀ ಕುಳಿಗಳು, ಕುಳಿಯೊಳಗೆ ಕುಳಿ, ಮಳೆ ಬಿದ್ದ ಸಿಮೆಂಟಿನಂತೆ. ಏಣಿ ಹತ್ತಿ ಕಪ್ಪು ಕೆರೆದು, ಬೂದಿ ಬಣ್ಣ ಬಳಿದು, ಒಂದೊಂದೇ ಕುಳಿ ಬರೆಯತೊಡಗಿದ. ನಡುಹಗಲಾಯಿತು.

ಸಾತವ್ವ ಬುತ್ತಿ ತಂದಳು. ಕಾವಲುಗಾರ ಅವತ್ತೂ ಬಿಡಲಿಲ್ಲ. ಗೇಟಿನ ಹೊರಗೆ ಅದೇ ಕಲ್ಲಿನ ಮೇಲೆ ಕೂತಳು.

"ಕಟ್ಟಿ ಮ್ಯಾಲೆ ನಿಂತವರಿಗೆ ಆ ಮಗ್ಗಲಾ ಎಂದೂ ಕಾಣೂದಿಲ್ಲಂತಿ. ಯಾರಿಗೆ ಬರಿಯಾಕತ್ತೀಯೋ?"

"ಕಟ್ಟಿ ಹತ್ತಲಾರದವರಿಗೆ."

"ಹೆಸರನರ ಬರಕೋ ಅಲ್ಲೆ. ಇಲ್ಲಿ ಅಳಿಸ್ಯಾರ, ಅಲ್ಲೆ ಯಾಂವ ನೋಡತಾನ."

ಬಾಳೇಶ ಕುಂಚ ಹಿಡಿದು ಚೆಂಡನ್ನು ಮೇಲೆ ಕೆಳಗೆ ನೋಡಿದ. "ಜಾಗಾ ಇಲ್ಲಬೇ. ಎಲ್ಲಾ ಕುಳಿನಽ ತುಂಬ್ಯಾವ."

ಇಳಿದು ಮೋಟರ್ ಹಚ್ಚಿದ. ತೋಳು ಹೊರಟಿತು. ಕಟ್ಟೆಯ ಮೇಲೆ ನಿಂತ ಹುಡುಗಿಯರಿಗೆ ಮೊಲ, ಬರೀ ಮೊಲ. ಗೇಟಿನ ಸರಳಿನ ಆಚೆ ಸಾತವ್ವ ರೊಟ್ಟಿಯ ಗಂಟು ಬಿಚ್ಚುವುದನ್ನು ನಿಲ್ಲಿಸಿದ್ದಳು. ಚಂದ್ರ ಆ ಕಡೆ ಹೋದಾಗ ಮೊಲ ಕಂಡಿತು, ಪಕ್ಕಕ್ಕೆ ಬಂದಾಗ ಅರ್ಧ ಮೊಲ ಅರ್ಧ ಕುಳಿ, ತನ್ನ ಹತ್ತಿರ ಬಂದಾಗ ಪೂರ್ತಿ ಕುಳಿಗಳ ಬೆನ್ನು, ಬಿಸಿಲಿಗೆ ಹಸಿ ಬಣ್ಣ ಹೊಳೆಯುತ್ತ.

"ಬಾಳ್ಯಾ!" ಎಂದು ಕೂಗಿದಳು. "ಈಗ ತಿರಗಾಕತ್ತೈತಿ ನೋಡೋ!"

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಚಿಮ್ಮಡದಲ್ಲಿ ಯಾರದೋ ಮಗ್ಗ ನಿಂತಿತ್ತು. "ಬಾಳೇಶಣ್ಣಾ..." ಎನ್ನುತ್ತಿತ್ತು ಆ ಕಡೆಯ ದನಿ. ಅವನು ಕೈಗೆ ಸೀಮೆಎಣ್ಣೆ ಒರೆಸಿಕೊಂಡು, ಗೇಟಿನಲ್ಲಿ ಅಕ್ಕನ ಕೈಯಿಂದ ಒಂದು ರೊಟ್ಟಿ ಸುರುಳಿ ಮಾಡಿ ಕಿತ್ತುಕೊಂಡು, ಬೈಕ್ ಒದ್ದ.